ಸಂದಿಯಲ್ಲಿ ನಿಂತ ಸೀಮೆಸುಣ್ಣ

ನಮ್ಮ ಐಸ್ ಮೇಷ್ಟ್ರ ದನಿ ತೆಗೆಯುವುದು ಕಷ್ಟವೇನಲ್ಲ. ಮೊದಲು ಒಂದು ಕೆಮ್ಮು ಬೇಕು. ಕಫದ ಕೆಮ್ಮಲ್ಲ, ಗಂಟಲಲ್ಲಿ ಸಣ್ಣದೊಂದು ಹರಳು ಸಿಕ್ಕಿ, ಅದನ್ನು ಉಗುಳುವುದೋ ನುಂಗುವುದೋ ಎಂದು ಯೋಚಿಸುತ್ತಿರುವವರ ಕೆಮ್ಮು. ಆಮೇಲೆ ಗದ್ದವನ್ನು ತುಸು ಮುಂದೆ ಚಾಚಿ, ಬಲಗೈಯ ಎರಡು ಬೆರಳಲ್ಲಿ ಇಲ್ಲದ ಸೀಮೆಸುಣ್ಣ ಹಿಡಿದು, "ನೋಡ್ರಪಾ" ಎಂದು ಸುಮ್ಮನಾಗಬೇಕು. ಆ ಸುಮ್ಮನಾಗುವುದೇ ಮುಖ್ಯ. ಮಿಮಿಕ್ರಿಗೆ ಹೊಸಬರು ಅಲ್ಲೇ ಕೆಡುತ್ತಾರೆ; ಅವಸರಪಟ್ಟು ಮುಂದಿನ ಮಾತಿಗೆ ಹೋಗುತ್ತಾರೆ. ಮೇಷ್ಟ್ರು ಹೋಗುತ್ತಿರಲಿಲ್ಲ. ಅವರ ಎರಡು ಮಾತುಗಳ ನಡುವೆ ಹಿಂದಿನ ಬೆಂಚಿನ ನಾವು ಒಂದು ನಿದ್ದೆ ಮುಗಿಸಿ ಏಳುತ್ತಿದ್ದೆವು.

ಈ ದನಿಯನ್ನು ನಾನು ಆದೋನಿಯ ಎಷ್ಟು ಮದುವೆಗಳಲ್ಲಿ ತೆಗೆದಿದ್ದೇನೋ ಲೆಕ್ಕವಿಲ್ಲ. ಕಸುಬೇ ಅದು. ಹಗಲು ಆಟೋಗೆ ಮೈಕು ಕಟ್ಟಿಕೊಂಡು ಸೀರೆ ಅಂಗಡಿಯವರ ಪರವಾಗಿ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೂಗುತ್ತೇನೆ. ಸಂಜೆ ಯಾರದಾದರೂ ಮದುವೆಯಲ್ಲಿ ಊರವರೆಲ್ಲರ ದನಿ ತೆಗೆದು ಊಟ ಮಾಡಿ ಬರುತ್ತೇನೆ. ನನ್ನ ಮುಖ ನೋಡಿ ಯಾರೂ ಕರೆಯುವುದಿಲ್ಲ, ಅದು ನನಗೂ ಗೊತ್ತು. ಎರಡು ಕಿವಿಗಳೂ ಆಟೋದ ಮೇಲಿನ ಹಾರ್ನುಗಳಂತೆಯೇ ಇವೆ.

ಕಳೆದ ತಿಂಗಳು ಮೇಷ್ಟ್ರು ತೀರಿಕೊಂಡರು. ಅವರು ಪಾಠ ಹೇಳಿದ ಶಾಲೆಯಲ್ಲಿ ಸಂತಾಪ ಸಭೆ ಇಟ್ಟರು. ಹೆಡ್ಮಾಸ್ತರು ನನ್ನನ್ನು ಕರೆಸಿ, "ಒಂದೈದು ನಿಮಿಷ ಅವರ ದನ್ಯಾಗ ಮಾತಾಡಿಬಿಡಪ್ಪಾ, ಜನ ಎದ್ದು ಹೋಗಂಗಿಲ್ಲ" ಎಂದರು. ಸತ್ತವರ ಸಭೆಗೆ ಮಿಮಿಕ್ರಿಯವನನ್ನು ಕರೆದದ್ದು ಅದೇ ಮೊದಲು. ಒಪ್ಪಿಕೊಂಡೆ. ಆ ಐದು ನಿಮಿಷ ನಾನು ಅಂದುಕೊಂಡಂತೆ ನಡೆಯಲಿಲ್ಲ.

ಮೇಷ್ಟ್ರು ಪೆದ್ದಹರಿವಾಣದ ಕಡೆಯ ವೈಷ್ಣವರು. ತಾತ ಮುತ್ತಾತಂದಿರೆಲ್ಲ ಪೂಜೆ ಪುರಾಣದವರು. ಇವರೊಬ್ಬರು ಭೂಗೋಳಕ್ಕೆ ಬಿದ್ದರು. ಹಣೆಗೆ ಗೋಪಿಚಂದನದ ಗೀಟು, ಅಂಗಿಯ ಜೇಬಿನಲ್ಲಿ ನಾಲ್ಕಾರು ತುಂಡು ಸೀಮೆಸುಣ್ಣ. ಅದರ ಪುಡಿ ಸೋರಿ ಸೋರಿ ಎದೆಯ ಎಡಭಾಗ ಯಾವಾಗಲೂ ಬೆಳ್ಳಗೆ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಒಬ್ಬಾಕೀನ ಕೇಳಬೇಕಂತ ಮಾಡಿದ್ದೆ. ಅಷ್ಟರಾಗ ಆಕಿ ತನ್ನ ಮಗನ್ನ ನನ್ನ ಕ್ಲಾಸಿಗೆ ಹಚ್ಚಲಿಕ್ಕೆ ಬಂದ್ಲು" ಎನ್ನುತ್ತಿದ್ದರು. ಅದು ಚೇಷ್ಟೆಯೋ ನಿಜವೋ ಇವತ್ತಿಗೂ ಗೊತ್ತಿಲ್ಲ. ಅವರ ವೇಗ ನೋಡಿದರೆ ನಿಜವೇ ಇರಬೇಕು.

ಐಸ್ ಮೇಷ್ಟ್ರು ಎಂಬ ಹೆಸರು ಬಂದದ್ದು ನಮ್ಮ ಒಂಬತ್ತನೇ ಕ್ಲಾಸಿನಿಂದ. ಹಿಮನದಿಯ ಪಾಠ. ಐಸ್ ಎಂದರೆ ನಮಗೆ ಸೋಡಾ ಅಂಗಡಿಯ ಐಸು, ಕಡ್ಡಿಗೆ ಅಂಟಿಸಿದ ಕೆಂಪು ಐಸು, ಇಲ್ಲವೇ ದೂರದ ನೆಂಟರು ಬರುವತನಕ ಹೆಣದ ಸುತ್ತ ಇಡುವ ಐಸು. ಮೇಷ್ಟ್ರು ಸೈಕಲ್ಲಿನ ಹಿಂದೆ ಗೋಣಿಚೀಲ ಸುತ್ತಿದ ಎರಡು ದಿಮ್ಮಿ ಐಸ್ ಕಟ್ಟಿಕೊಂಡು, ಬೆನ್ನಿನಿಂದ ಕೆಳಗೆ ಪೂರಾ ತೊಯ್ದು, ಶಾಲೆಗೆ ಬಂದರು. ಪಡಸಾಲೆಗೆ ಕಡಪ ಕಲ್ಲು ಹಾಸಿತ್ತು, ಕರ್ರಗೆ, ನುಣ್ಣಗೆ. ಮೊದಲನೆಯ ದಿಮ್ಮಿಯನ್ನು ಅದರ ಮೇಲಿಟ್ಟು ನಮ್ಮಿಂದ ಹತ್ತು ಸಲ ಅತ್ತಿತ್ತ ನೂಕಿಸಿದರು.

"ಕಲ್ಲಿಗೆ ಏನಾತು?"

"ತಂಪಾತ್ರೀ ಸಾರ್," ಎಂದೆ ನಾನು.

ಅವರು ಎರಡನೆಯ ದಿಮ್ಮಿ ಬಿಚ್ಚಿದರು. ಹಿಂದಿನ ದಿನವೇ ಐಸ್ ಫ್ಯಾಕ್ಟರಿಗೆ ಹೋಗಿ, ನೀರು ಹೆಪ್ಪುಗಟ್ಟುವ ಡಬ್ಬದ ತಳಕ್ಕೆ ನಮ್ಮ ಬೆಟ್ಟದ ಗರಸು ಸುರಿಸಿ ಬಂದಿದ್ದರಂತೆ. ದಿಮ್ಮಿಯ ತಳದಲ್ಲಿ ಹರಳುಗಳು ಹಲ್ಲು ಕಿರಿದುಕೊಂಡಿದ್ದವು. ಭಾರಕ್ಕೆಂದು ಅದರ ಮೇಲೆ ನನ್ನನ್ನೇ ಕೂರಿಸಿ ನೂಕಿಸಿದರು. ಕರ್ರ್ ಎಂದು ಒಂದು ಸದ್ದು ಬಂತು. ಕೆಳಗೆ ಚಳಿ ಹತ್ತಿದ್ದು ಹಾಗಿರಲಿ, ಆ ಸದ್ದಿಗೆ ನನ್ನ ಹಲ್ಲೆಲ್ಲ ಜುಮ್ಮೆಂದವು. ಐಸ್ ಸರಿದ ದಾರಿಯಲ್ಲಿ ಕರಿಯ ಕಲ್ಲಿನ ಮೇಲೆ ಬಿಳಿಯ ಗೀರುಗಳು ಬಿದ್ದಿದ್ದವು, ಒಂದರ ಪಕ್ಕ ಒಂದು, ಬಾಚಣಿಕೆಯಿಂದ ಎಳೆದಂತೆ.

"ನೋಡ್ರಪಾ," ಎಂದು ಸುಮ್ಮನಾದರು. ಬಹಳ ಹೊತ್ತಿನ ಮೇಲೆ, "ಐಸು ಕಲ್ಲನ್ನ ಕಡಿಯಂಗಿಲ್ಲ. ಐಸು ಬರೇ ಕೈ. ಕೈಯಾಗ ಸಣ್ಣ ಹರಳು ಹಿಡಕೊಂಡದಲ್ಲ, ಅದು ಕಡೀತದ. ಬೆಟ್ಟದಿಂದ ಕಿತ್ತುಕೊಂಡ ಹರಳಿನಿಂದ ಅದೇ ಬೆಟ್ಟಾನ ಕಡೀತದ. ಒಂದು ದಿನಕ್ಕ ಕೂದಲೆಳಿಯಷ್ಟೂ ಇಲ್ಲ. ಆದರ ನಿಲ್ಲಂಗಿಲ್ಲ."

"ಸಾರ್, ಆದೋನಿಗೆ ಯಾವಾಗ ಬರ್ತೈತ್ರಿ ಈ ಹಿಮನದಿ? ಬಸ್ಸು ಐತೇನ್ರಿ?" ಎಂದೆ.

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಬೆಟ್ಟದ ಕಡೆ ನೋಡಿದರು. ಯಾರೋ ಲಾರಿಗಟ್ಟಲೆ ಗುಂಡುಗಳನ್ನು ತಂದು ಸುರಿದು, ಜೋಡಿಸುವುದನ್ನು ಮರೆತು ಹೋದಂತಿದೆ ನಮ್ಮ ಬೆಟ್ಟ. "ಇದು ಇನ್ನೂರೈವತ್ತು ಕೋಟಿ ವರ್ಷದ ಕಲ್ಲು," ಎಂದರು. "ಅವಾಗ ಹುಲ್ಲಿಲ್ಲ, ಹುಳಾ ಇಲ್ಲ, ನಿನ್ನಂಥಾ ಮಂಗ್ಯಾನೂ ಇಲ್ಲ. ಈಗ ಇಲ್ಲಿ ಐಸ್ ಬರಂಗಿಲ್ಲ. ಬಿಸಲು ಬರ್ತದ, ಮಳಿ ಬರ್ತದ, ಗಿಡದ ಬೇರು ಬರ್ತದ, ಮನಶಾ ಬರ್ತಾನ. ಕೆಲಸ ಅದೇ."

ಆಮೇಲೆ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ, ಪರೀಕ್ಷೆಗೆ ಬರುವಂಥದ್ದಲ್ಲ. "ಕಣಿವಿ ತುಂಬ ಐಸ್ ಇರೋತನಕ ಎರಡೂ ಕಡೆ ಗುಡ್ಡಕ್ಕ ಅದೇ ಆಸರ. ಒಂದು ಕಡೆ ಕಡೀತಿರ್ತದ, ಇನ್ನೊಂದು ಕಡೆ ಹಿಡಕೊಂಡಿರ್ತದ. ಐಸ್ ಕರಗಿ ಹಿಂದಕ್ಕ ಸರೀತದಲ್ಲ, ಅವಾಗ ಅದ ನೋಡು. ಎಲ್ಲಾ ಮುಗೀತು, ಚಲೋ ಬಿಸಲು ಬಿತ್ತು ಅಂತ ಜನ ಕೆಳಗ ಮನಿ ಕಟ್ಟಿರ್ತಾರ. ಗುಡ್ಡ ಅವಾಗ ಇಳೀತದ."

ಶಾಲೆಯ ಪಡಸಾಲೆ ಕೆಡಿಸಿದಿರೆಂದು ಆಗಿನ ಹೆಡ್ಮಾಸ್ತರು ಅವತ್ತು ಅವರನ್ನು ನಮ್ಮೆದುರೇ ಬಯ್ದರು. ಗೀರುಗಳು ಇನ್ನೂ ಇವೆ. ಗುಡಿಸಿದರೂ ಹೋಗಿಲ್ಲ, ತೊಳೆದರೂ ಹೋಗಿಲ್ಲ.

ಇನ್ನೊಂದು ಹೇಳಬೇಕು. ತಾಯಿಯನ್ನು ಬದರಿಗೆ ಕರೆದುಕೊಂಡು ಹೋದಾಗ ಎಲ್ಲರೂ ತೀರ್ಥ ತುಂಬಿಕೊಂಡರೆ ಇವರು ಐಸ್ ಕರಗಿ ಬರುವ ಹೊಳೆಯ ನೀರು ತುಂಬಿಕೊಂಡು ಬಂದಿದ್ದರು. ಅಕ್ಕಿ ತೊಳೆದ ನೀರಿನಂಥ ನೀರು. ಬಾಟಲಿಯ ತಳದಲ್ಲಿ ಬಿಳಿಯ ಹಿಟ್ಟು ಕೂತಿತ್ತು. ಕ್ಲಾಸಿನಲ್ಲಿ ಅದನ್ನು ಕಲಕಿ ಎತ್ತಿ ಹಿಡಿದು, "ಇದು ಬೆಟ್ಟ. ಅರದು ಅರದು ಇಷ್ಟು ಸಣ್ಣಗ ಆಗ್ಯದ" ಎಂದರು. ಯಾರಾದರೂ ಕುಡಿಯುತ್ತೀರಾ ಎಂದು ಅವರು ಕೇಳಲಿಲ್ಲ. ನಾನೇ ಕಸಿದುಕೊಂಡು ಒಂದು ಗುಟುಕು ಕುಡಿದೆ. ಎರಡು ದಿನ ಹೊಟ್ಟೆ ನೋಯಿತು. "ಬೆಟ್ಟ ಕುಡಿದ ಮಂಗ್ಯಾ" ಎಂದು ಅವತ್ತಿನಿಂದ ನನ್ನನ್ನು ಕರೆಯುತ್ತಿದ್ದರು. ಅವರು ಯಾರಿಗಾದರೂ ಇಟ್ಟ ಹೆಸರು ಅದೊಂದೇ.

ಕೆಲಸದಿಂದ ನಿವೃತ್ತರಾಗುವ ಹೊತ್ತಿಗೆ ಅವರು ನಮ್ಮ ಬೀದಿಗೇ ಬಾಡಿಗೆಗೆ ಬಂದಿದ್ದರು. ಬೆಟ್ಟದ ಬುಡದಲ್ಲಿ ಎಂಟು ಮನೆಗಳ ಬೀದಿ ನಮ್ಮದು. ಕೊನೆಯ ಮನೆ ಹನುಮಕ್ಕನದು; ಬೆಳಗ್ಗೆ ಬೀದಿ ಬಾಯಲ್ಲಿ ಮಂಡಕ್ಕಿಯ ವಗ್ಗಾಣಿ, ಬಜ್ಜಿ ಮಾರುವವಳು. ಅವಳ ಮುಂದಿನ ಕೋಣೆಯಲ್ಲಿ ಮೇಷ್ಟ್ರು. ಅವಳ ಮನೆಯ ನೆತ್ತಿಯ ಮೇಲೆ, ನಾಲ್ಕಾಳೆತ್ತರದ ದಿಬ್ಬದ ತುದಿಯಲ್ಲಿ, ಅವ್ವನ ಗುಂಡು.

ಅವ್ವನ ಗುಂಡು ನಮ್ಮ ಎಂಟೂ ಮನೆಗಳಿಗಿಂತ ದೊಡ್ಡ ಬಂಡೆ; ಬೀದಿಯವರಿಗೆ ಅದೇ ದೇವಿ. ಅದರ ಬುಡದಲ್ಲಿ ಸುತ್ತಲೂ ಚಪ್ಪಟೆಯಾದ ಸಣ್ಣ ಸಣ್ಣ ಒತ್ತುಗಲ್ಲುಗಳು, ಅಲುಗಾಡುವ ಕಪಾಟಿನ ಕಾಲಿಗೆ ಒತ್ತು ಕೊಟ್ಟ ಹಾಗೆ. ನಮ್ಮಲ್ಲೊಂದು ಪದ್ಧತಿ ಇತ್ತು. ಹೊಸ ಮನೆ ಕಟ್ಟುವವರು ಗುಂಡಿನ ಕೆಳಗಿನಿಂದ ಒಂದು ಒತ್ತುಗಲ್ಲು ತೆಗೆದು ತಮ್ಮ ಹೊಸ್ತಿಲ ಕೆಳಗೆ ಇಟ್ಟುಕೊಳ್ಳಬೇಕು. ಅವ್ವ ಮನೆಗೆ ಬಂದು ಕೂತಂತೆ. ಕಲ್ಲು ತೆಗೆದ ಜಾಗಕ್ಕೆ ಅರಿಸಿನ ಹಚ್ಚಿ, ವರ್ಷಕ್ಕೊಮ್ಮೆ ಕಾಯಿ ಒಡೆಯುತ್ತಾರೆ. ಎಂಟು ಮನೆಗೂ ಎಂಟು ಕಲ್ಲು. ಅಣ್ಣತಮ್ಮಂದಿರು ಬೇರೆಯಾದರೆ ಮತ್ತೊಂದು. ನಮ್ಮ ಹೊಸ್ತಿಲ ಕೆಳಗಿನದನ್ನು ತೆಗೆದವನು ನನ್ನ ತಾತ.

ಮೇಷ್ಟ್ರು ಬಂದ ವರ್ಷವೇ ಹನುಮಕ್ಕನ ಮಗ ಹಿತ್ತಲಲ್ಲಿ ಬೇರೆ ಮನೆ ಕಟ್ಟಲು ಹೊರಟ. ಬೆಳಗ್ಗೆ ಹಾರೆ ಹಾಕಿ ಕಲ್ಲು ಮೀಟುತ್ತಿದ್ದಾಗ ಮೇಷ್ಟ್ರು ಹಲ್ಲುಜ್ಜುತ್ತ ಹೊರಗೆ ಬಂದರು. ನೋಡಿದವರೇ ಕೈಯಲ್ಲಿದ್ದ ಚೊಂಬು ಬಿಟ್ಟರು.

"ಏ, ಬಿಡಪಾ! ಅದನ್ನ ತೆಗೀಬ್ಯಾಡ. ದೊಡ್ಡ ಕಲ್ಲನ್ನ ಹಿಡಿದದ್ದು ಅವೇ ಸಣ್ಣ ಕಲ್ಲು."

"ಹಂಗನಬ್ಯಾಡ್ರಿ ಸಾರ್," ಎಂದಳು ಹನುಮಕ್ಕ. "ಅವ್ವ ತಾನಾಗಿ ಕೂತಾಳ. ನಾವು ಹಿಡಿಯೋಕ ಆಕಿ ಏನು ಕೂಸೇನು? ನಮ್ಮ ಅತ್ತಿ ಕಾಲದಿಂದ ತೆಗೀತೀವಿ, ಏಮೈಂದಿ? ಏನರ ಆತೇನು?"

"ಅದಕ್ಕೇ ಅಂತೀನಿ ತಾಯಿ. ನಿಮ್ಮ ಅತ್ತಿ ಕಾಲದಾಗ ಬಹಳ ಇದ್ವು."

ಕಲ್ಲು ಹೊರಗೆ ಬಂತು. ಅರಿಸಿನ ಬಿತ್ತು. ಮೇಷ್ಟ್ರಿಗೂ ಒಂದು ಹೋಳು ಕಾಯಿ ಕೊಟ್ಟರು.

ಅವತ್ತೇ ಅವರು ಸೀಮೆಸುಣ್ಣ ಇಡಲು ಶುರು ಮಾಡಿದರು. ಗುಂಡಿನ ಮುಂಬದಿಯ ಅಂಚಿನ ಕೆಳಗೆ, ಕಲ್ಲು ತೆಗೆದು ಖಾಲಿಯಾದ ಸಂದಿಗಳಲ್ಲಿ, ನಾಲ್ಕು ಕಡೆ, ಒಂದೊಂದು ಸೀಮೆಸುಣ್ಣ ನೆಟ್ಟಗೆ ನಿಲ್ಲಿಸಿದರು. ಮೇಲಿನ ತುದಿ ಗುಂಡಿಗೆ ತಾಗಿಯೂ ತಾಗದಂತೆ. ಪ್ರತಿ ಆದಿತ್ಯವಾರ ಬೆಳಗ್ಗೆ ಮಡಿಯುಟ್ಟು ಪೂಜೆ ಮುಗಿಸಿ, ಹತ್ತಿ ನೋಡಿ ಬರುತ್ತಿದ್ದರು. ಗುಂಡು ಒಂದಿಷ್ಟು ಕುಸಿದರೂ ಸೀಮೆಸುಣ್ಣ ಮುರಿಯುತ್ತದೆ, ಅದು ನಮಗೆ ಮೊದಲೇ ತಿಳಿಸುತ್ತದೆ ಎಂದು ಮನೆಮನೆಗೆ ಹೇಳಿದರು. ಜನ ಹೂಂಗುಟ್ಟಿದರು. ನಾನು ಅದನ್ನು ಕಲಿತು, "ನೋಡ್ರಪಾ, ಗುಂಡಿಗೂ ಹೋಂವರ್ಕ್ ಕೊಟ್ಟೀನಿ" ಎಂದು ಹನುಮಕ್ಕನ ಬಜ್ಜಿಯ ಬಾಣಲೆಯ ಮುಂದೆ ಮಾಡಿ ತೋರಿಸಿದೆ. ಆಕೆ ನಕ್ಕು ನಕ್ಕು ಎರಡು ಬಜ್ಜಿ ಬಿಟ್ಟಿ ಕೊಟ್ಟಳು. ಕಲಾವಿದನಿಗೆ ಸಂದ ಮೊದಲ ಸಂಭಾವನೆ.

ಈಗ ನಾನು ಮಾಡಿದ ಕೆಲಸ. ಒಂದು ಆದಿತ್ಯವಾರ, ಮೇಷ್ಟ್ರು ಪೂಜೆಗೆ ಕೂತಿದ್ದಾಗ, ಮೇಲೆ ಹೋಗಿ ನಾಲ್ಕೂ ಸೀಮೆಸುಣ್ಣವನ್ನು ಕಲ್ಲಿನಿಂದ ಜಜ್ಜಿ ಪುಡಿ ಮಾಡಿ ಬಂದೆ. ಬಂದು ಕಟ್ಟೆಯ ಮೇಲೆ ಕೂತೆ.

ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೇಲೆ ಪುಡಿ ನೋಡಿ ದಿಬ್ಬ ಇಳಿದವರೇ, ಬರಿಗಾಲಲ್ಲಿ, ಮಡಿ ಪಂಚೆಯಲ್ಲಿ, ಬೀದಿಯ ಬಾಗಿಲನ್ನೆಲ್ಲ ಬಡಿದರು. "ಏಳ್ರಿ, ಹೊರಗ ಬರ್ರಿ, ಕೂಸುಗಳನ್ನ ಎತ್ಕೋರಿ!" ಆ ದನಿಯಲ್ಲಿ ಸುಮ್ಮನಾಗುವುದೇ ಇರಲಿಲ್ಲ. ಜನ ಹೊರಗೆ ಬಂದರು. ಮಂಚ ಬಂತು, ಗ್ಯಾಸಿನ ಸಿಲಿಂಡರು ಬಂತು, ಮೇಕೆ ಬಂದವು, ಕುರ್ಚಿಯ ಸಮೇತ ಒಂದು ಮುದುಕಿ ಬಂದಳು. ನಮ್ಮವ್ವ ದೇವರ ಫೋಟೋ ಬಿಟ್ಟು ಟೀವಿ ಎತ್ತಿಕೊಂಡು ಬಂದಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಬೀದಿಯ ನಡುವೆ ನಿಂತು, ಕೆಮ್ಮಿ, ಗದ್ದ ಚಾಚಿ, ನಾನು ಸೀಮೆಸುಣ್ಣ ಜಜ್ಜಿದ್ದನ್ನು ಮೇಷ್ಟ್ರದೇ ದನಿಯಲ್ಲಿ ಮಾಡಿ ತೋರಿಸಿದೆ.

ಮೊದಲು ಯಾರೋ ಬಯ್ದರು. ಆಮೇಲೆ ಒಬ್ಬರು ನಕ್ಕರು. ಆಮೇಲೆ ಬೀದಿಯೆಲ್ಲ ನಕ್ಕಿತು, ಕುರ್ಚಿಯ ಮುದುಕಿಯೂ.

ಮೇಷ್ಟ್ರು ನನ್ನ ಹತ್ತಿರ ಬಂದರು. ಹೊಡೆಯುತ್ತಾರೆಂದು ಕೆನ್ನೆ ಸಿದ್ಧ ಮಾಡಿಕೊಂಡೆ. ಅವರು, "ಚಲೋ ಮಾಡ್ತೀಯಪಾ. ನನಗಿಂತ ಚಲೋ" ಎಂದರು. ಸುಮ್ಮನಾದರು. "ಆದರ ಇನ್ನಮ್ಯಾಲ ನಾ ಏನರ ಹೇಳಿದ್ರ, ನೀ ಹೇಳಿದಂಗ ಕೇಳಿಸ್ತದ ಇವರಿಗೆ."

ಹಾಗೆಯೇ ಆಯಿತು. ಆಮೇಲಿನ ವರ್ಷಗಳಲ್ಲಿ ಇನ್ನೂ ಮೂರು ಒತ್ತುಗಲ್ಲು ಹೋದವು. ಪ್ರತಿ ಸಲ ಮೇಷ್ಟ್ರು ಬಾಯಿ ತೆರೆದಾಗ ಜನ ಸುತ್ತ ನೋಡುತ್ತಿದ್ದರು, ನಾನೆಲ್ಲಿದ್ದೇನೆ ಎಂದು. ಅವರು ಸರ್ಕಾರಕ್ಕೆ ಅರ್ಜಿ ಬರೆದರು. ಯಾರೋ ಬಂದು ಕೆಳಗಿನಿಂದಲೇ ಕತ್ತೆತ್ತಿ ನೋಡಿ ಹೋದರು. ಮೇಷ್ಟ್ರು ಬಾಗಿಲು ಬಡಿಯುವುದನ್ನು ಬಿಟ್ಟರು, ಸೀಮೆಸುಣ್ಣ ಇಡುವುದನ್ನು ಬಿಡಲಿಲ್ಲ. ಒಂದು ಉದ್ದನೆಯ ಬಿದಿರು ಕಡ್ಡಿಯ ತುದಿಗೆ ಸೀಳು ಮಾಡಿ, ಅದಕ್ಕೆ ಸಿಗಿಸಿ, ಸಂದಿಯ ಒಳಗೆ ಬಲು ದೂರಕ್ಕೆ ನಿಲ್ಲಿಸತೊಡಗಿದರು. "ಇವಕ್ಕ ನಿನ್ನ ಕೈ ಎಟುಕಂಗಿಲ್ಲ ಮಂಗ್ಯಾ," ಎಂದರು ನನಗೆ, ಸಿಟ್ಟಿಲ್ಲದೆ. "ಇವು ಮುರಿದ್ರ ಗುಂಡೇ ಮುರಿದಿರಬೇಕು."

ಕೊನೆಯ ವಾರಗಳಲ್ಲಿ ಅವರಿಗೆ ಏಳಲಾಗುತ್ತಿರಲಿಲ್ಲ. ಹನುಮಕ್ಕ ಗಂಜಿ ಕೊಡುತ್ತಿದ್ದಳು. ನಾನು ಹೋದಾಗ ಕೇಳಿದರು, "ಸೀಮೆಸುಣ್ಣ ನೋಡಿದೇನಪಾ?"

ನಾನು ನೋಡಿರಲಿಲ್ಲ. ಅವರದೇ ಕೆಮ್ಮು ಕೆಮ್ಮಿ, ಅವರದೇ ದನಿಯಲ್ಲಿ, "ನೋಡಿದೆನಪಾ. ನಾಲ್ಕೂ ನಿಂತಾವ" ಎಂದೆ. ಅವರು ನಕ್ಕರು. ಕಣ್ಣು ಮುಚ್ಚಿದರು. ಮೂರನೆಯ ದಿನ ಹೋದರು.

ಸಂತಾಪ ಸಭೆಯ ದಿನ ಬೆಳಗ್ಗೆ ನನಗೊಂದು ಯೋಚನೆ ಬಂತು. ಗುಂಡಿನ ಕೆಳಗಿನ ಒಂದು ಸೀಮೆಸುಣ್ಣ ತಂದು, ಸಭೆಯಲ್ಲಿ ಅದನ್ನೇ ಹಿಡಿದು ಮಾಡಿದರೆ ಜನ ಕಣ್ಣೀರು ಹಾಕುತ್ತಾರೆ. ಹೋಗಿ ಮಂಡಿಯೂರಿ ಸಂದಿಯೊಳಗೆ ಮೊಬೈಲಿನ ಬೆಳಕು ಬಿಟ್ಟೆ.

ಒಂದೂ ನಿಂತಿರಲಿಲ್ಲ. ನಾಲ್ಕು ಕಡೆ ನಾಲ್ಕು ಚಿಟಿಕೆ ಬಿಳಿ ಪುಡಿ. ಬಾಟಲಿಯ ತಳದಲ್ಲಿ ಕೂತಿದ್ದ ಹಿಟ್ಟಿನ ಹಾಗೆ. ಕೈ ಚಾಚಿದೆ. ಎಟುಕಲಿಲ್ಲ.

ಶಾಲೆಗೆ ಓಡಿದೆ. ನಮ್ಮ ಬೀದಿಯವರೆಲ್ಲ ಅಲ್ಲೇ ಕುರ್ಚಿಗಳಲ್ಲಿ ಕೂತಿದ್ದರು. ಒಳ್ಳೆಯದೇ ಆಯಿತು ಅಂದುಕೊಂಡೆ. ಮೈಕು ಹಿಡಿದು, ಏದುಸಿರಿನಲ್ಲೇ ಹೇಳಿದೆ. "ನಾಲ್ಕೂ ಮುರಿದಾವ. ಗುಂಡು ಇಳೀತೈತಿ. ಮನಿಗೆ ಹೋಗಿ ಸಾಮಾನು ತೆಗೀರಿ. ಇವತ್ತೇ ತೆಗೀರಿ."

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡು, "ಅದೇ ದನಿ ಕಣಪ್ಪಾ, ಎದ್ದು ಬಂದಂಗ ಐತಿ" ಎಂದರು. ಹನುಮಕ್ಕ ಸೆರಗು ಬಾಯಿಗೆ ಹಿಡಿದು ಅಳುತ್ತ ನಗುತ್ತ ಕೂಗಿದಳು. "ಲೇ ಮಿಮಿಕ್ರಿ, ಕೆಮ್ಮು ಮರತ್ಯಲ್ಲೋ!"

ನಾನು ಅವರ ದನಿ ತೆಗೆದಿರಲಿಲ್ಲ. ನನ್ನದರಲ್ಲೇ ಹೇಳಿದ್ದೆ. ನನ್ನದು ಯಾವುದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ನಾನು ಅದನ್ನು ಯಾರಿಗೂ ಕೇಳಿಸಿರಲಿಲ್ಲ. "ನಿಜಾನೇ ಐತ್ರಿ, ನಿಮ್ಮ ಪಾದ ಹಿಡೀತೀನಿ" ಎಂದೆ. ಮತ್ತೆ ಚಪ್ಪಾಳೆ.

ಮನೆಗೆ ಬಂದು ಹಾರೆ ತೆಗೆದುಕೊಂಡು ನಮ್ಮ ಹೊಸ್ತಿಲು ಕಿತ್ತೆ. ನಮ್ಮವ್ವ ಹಿಂದೆಯೇ ಬಂದವಳು ತಲೆ ತಲೆ ಬಡಿದುಕೊಂಡಳು. "ಏಯ್ ಹಾಳಾದವನೇ, ಅವ್ವನ ಕಲ್ಲು ಕೀಳ್ತೀಯಲ್ಲೋ! ನಿಮ್ಮ ತಾತ ಇಟ್ಟಿದ್ದು! ಇದ್ಯಾರ ನಾಟಕ ಮತ್ತ?" ಮಾತಾಡಿದರೆ ಯಾರದಾದರೂ ದನಿ ಬಂದೀತು. ಕಲ್ಲು ಹೆಗಲಿಗೇರಿಸಿ ದಿಬ್ಬ ಹತ್ತಿದೆ. ಆಕೆ ಬಯ್ಯುತ್ತ ಹಿಂದೆ ಹತ್ತಿದಳು.

ತಾತ ಕಲ್ಲು ತೆಗೆದ ಜಾಗ ನಮಗೆ ಚೆನ್ನಾಗಿ ಗೊತ್ತು. ಪ್ರತಿ ವರ್ಷ ನಮ್ಮವ್ವನೇ ಅಲ್ಲಿ ಅರಿಸಿನ ಹಚ್ಚುವುದು. ಕಲ್ಲನ್ನು ಅದರೊಳಗೆ ನೂಕಿದೆ. ಅರ್ಧಕ್ಕೆ ನಿಂತಿತು. ಹೊರಗೆಳೆದು, ಮಣ್ಣು ಕೆರೆದು, ತಿರುಗಿಸಿ ನೂಕಿದೆ. ಒಳಗೆ ಹೋಗಲಿಲ್ಲ. ಅದೇ ಕಲ್ಲು, ಅದೇ ಸಂದಿ. ಸಂದಿಯೇ ಒಂದು ಬೆರಳಿನಷ್ಟು ಕಡಿಮೆಯಾಗಿತ್ತು.

ನಮ್ಮವ್ವ ಬಯ್ಯುವುದನ್ನು ನಿಲ್ಲಿಸಿದಳು. ನನ್ನನ್ನು ಸರಿಸಿ, ತಾನೇ ಕೂತು, ಎರಡೂ ಕೈಯಿಂದ ಒತ್ತಿ ನೋಡಿದಳು. ಬಳೆ ಕಲ್ಲಿಗೆ ತಾಗಿ ಒಡೆಯಿತು. ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಳಿದು ಹೋದಳು. ಜನ ಸಭೆಯಿಂದ ತಿರುಗಿ ಬರುತ್ತಿದ್ದರು. ಆಕೆ ಬಡಿದ ಬಾಗಿಲುಗಳ ಸದ್ದು ನನಗೆ ಮೇಲೆ ಕೇಳಿಸಿತು.

ಅವತ್ತು ನಾಲ್ಕು ಮನೆ ಖಾಲಿಯಾದವು, ನಮ್ಮದೂ ಸೇರಿ. ನಾವು ಪೇಟೆಯಾಚೆ ಚಿಕ್ಕಮ್ಮನ ಮನೆಯಲ್ಲಿದ್ದೇವೆ. ಉಳಿದ ಮನೆಯವರು ಕದಲಿಲ್ಲ. ಇಬ್ಬರು ಸರ್ಕಾರಿ ನೌಕರರು ಬಂದು ಗುಂಡಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ನಂಬರು ಬರೆದು ಹೋದರು. ಮರುದಿನ ಆ ನಂಬರಿಗೂ ಅರಿಸಿನ ಬಿದ್ದಿತ್ತು. ಹನುಮಕ್ಕ ಅಲ್ಲೇ ಇದ್ದಾಳೆ. "ಮೇಷ್ಟ್ರು ಇಷ್ಟು ವರ್ಷ ನನ್ನ ಮನ್ಯಾಗೇ ಮಲಗಿದ್ರಲ್ಲೋ. ಅವರಿಗಿಲ್ಲದ ಭಯ ನನಗೇನು?" ಎನ್ನುತ್ತಾಳೆ. ಅವರು ಯಾಕೆ ಬಿಟ್ಟು ಹೋಗಲಿಲ್ಲ ಎಂದು ನಾನೂ ಕೇಳಿರಲಿಲ್ಲ.

ಈಗ ದಿನಾ ಬೆಳಗ್ಗೆ ಅವರ ಬಿದಿರು ಕಡ್ಡಿ ಹಿಡಿದು ನಾನು ಹತ್ತುತ್ತೇನೆ. ಜೇಬಿನಲ್ಲಿ ಸೀಮೆಸುಣ್ಣ, ಎದೆಯ ಎಡಭಾಗ ಬೆಳ್ಳಗಾಗಿದೆ. ಮೊದಲು ಇಡೀ ತುಂಡು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮುರಿದು ನಿಲ್ಲಿಸಬೇಕು. ನಿನ್ನೆ ಇಟ್ಟ ಅರ್ಧ ತುಂಡು ಇವತ್ತು ಓರೆಯಾಗಿತ್ತು.

ಇಳಿಯುವಾಗ ಕೆಳಗೆ ಬಜ್ಜಿಯ ಎಣ್ಣೆ ಕಾದ ವಾಸನೆ. ಹನುಮಕ್ಕ ಜಾಲರಿ ಸೌಟು ಎತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಿದಳು. "ಏನ್ರೀ ಐಸ್ ಮೇಷ್ಟ್ರೇ, ಬಿತ್ತೇನು ನಿಮ್ಮ ಗುಂಡು?"

ಬಜ್ಜಿಗೆ ಬಂದವರೆಲ್ಲ ನಕ್ಕರು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಕೆಮ್ಮು ಬಂತು. ನಾನು ಬೇಕೆಂದು ಕೆಮ್ಮಲಿಲ್ಲ.

"ಇನ್ನಾ ಇಲ್ಲ ತಾಯಿ," ಎಂದೆ. ಸುಮ್ಮನಾದೆ.